ಗಾಳಿ ಏಳುವ ಮುಂಚೆ ಜೋಮ್ಸೋಮ್

ಪೋಖರಾ, ಭಾನುವಾರ

ಜೋಮ್ಸೋಮ್ ಅಂದರೆ ನೇಪಾಳದ ಹಿಮಾಲಯದಲ್ಲಿ ಮುಕ್ತಿನಾಥದ ದಾರಿಯ ಊರು. ಅಲ್ಲಿಗೆ ವಿಮಾನ ಬೆಳಗ್ಗೆ ಮಾತ್ರ. ಹತ್ತು, ಹನ್ನೊಂದು ಗಂಟೆ ಆಯಿತೆಂದರೆ ಅಲ್ಲಿ ಗಾಳಿ ಏಳುತ್ತದೆ. ಆಮೇಲೆ ಯಾವ ವಿಮಾನವೂ ಆ ಕಡೆ ತಲೆ ಹಾಕುವುದಿಲ್ಲ. ಅದಕ್ಕೇ ಪೋಖರಾ ವಿಮಾನ ನಿಲ್ದಾಣದಲ್ಲಿ ಜೋಮ್ಸೋಮಿಗೆ ಹೋಗುವವರು ಕತ್ತಲಿರುವಾಗಲೇ ಬಂದು ಕೂತಿರುತ್ತಾರೆ. ನಾವೂ ಹೋಗಿ ಕೂತೆವು. ನಾನು, ಉಡುಪಿಯ ಚಿಕ್ಕಪ್ಪ, ಅವರ ಮಡಿಪಂಚೆಯ ಚೀಲ.

ಗೋರಖ್‌ಪುರದ ತನಕ ರೈಲು, ಸುನೌಲಿಯಲ್ಲಿ ಗಡಿ ದಾಟಿ ಪೋಖರಾಕ್ಕೆ ಬಸ್ಸು. ಆ ಕತೆ ಬೇಡ ಬಿಡಿ. ಗುರುತಿಗೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಇಟ್ಟುಕೊಳ್ಳಿ, ಆಧಾರ್ ನಂಬಿಕೊಂಡು ಹೋಗಬೇಡಿ. ನಮ್ಮ ನೂರರ ನೋಟು ಅಲ್ಲಿ ಸಲೀಸಾಗಿ ನಡೆಯುತ್ತದೆ, ನೂರಕ್ಕೆ ನೂರರವತ್ತು ನೇಪಾಳಿ ರೂಪಾಯಿ ಲೆಕ್ಕ. ಗಡಿಯಾರ ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಬೇಕು.

ಆರೂವರೆಗೆ ‘ಮೇಲೆ ಮೋಡ’ ಎಂದರು. ಎಂಟಕ್ಕೆ ‘ಇನ್ನೂ ನೋಡ್ತಾ ಇದ್ದೇವೆ’ ಎಂದರು. ಪಕ್ಕದ ಸಾಲಿನಲ್ಲಿ ತಮಿಳುನಾಡಿನ ಶ್ರೀವೈಷ್ಣವರ ಒಂದು ದೊಡ್ಡ ಗುಂಪು ಕೂತಿತ್ತು. ಅವರ 108 ದಿವ್ಯದೇಶಗಳಲ್ಲಿ, ಅಂದರೆ ವಿಷ್ಣುಕ್ಷೇತ್ರಗಳಲ್ಲಿ, ಮುಕ್ತಿನಾಥವೂ ಒಂದು. ಹೊತ್ತು ಹೋಗಲೆಂದು ತಮಿಳಿನ ಪಾಶುರ ಸ್ತೋತ್ರ ಹೇಳತೊಡಗಿದರು. ಚಿಕ್ಕಪ್ಪ ಸುಮ್ನೆ ಇರುತ್ತಾರೆಯೇ? ಇವರದೂ ವಿಷ್ಣು ಸಹಸ್ರನಾಮ ಶುರುವಾಯಿತು. ಎರಡೂ ಮುಗಿಯುವ ಮುಂಚೆ, ಒಂಬತ್ತೂವರೆಗೆ, ಕೌಂಟರಿನ ಹುಡುಗ ಬಂದು ಹೇಳಿದ. ‘ಗಾಳಿ ಶುರುವಾಯ್ತು. ಇವತ್ತಿಲ್ಲ.’

ಒಬ್ಬರಿಬ್ಬರು ಜಗಳಕ್ಕೆ ನಿಂತರು. ರಜೆ ಮುಗಿಸಿ ಜೋಮ್ಸೋಮಿನ ಸೇನಾ ಶಿಬಿರಕ್ಕೆ ವಾಪಸಾಗುತ್ತಿದ್ದ ನೇಪಾಳಿ ಸೈನಿಕನೊಬ್ಬ ಮಾತ್ರ ಬ್ಯಾಗು ಹೆಗಲಿಗೇರಿಸಿ ಎದ್ದ. ‘ರದ್ದು ಮಾಡಿದರೆ ಒಳ್ಳೇದೇ ಅಂದ್ಕೊಳ್ಳಿ ಸಾಬ್’ ಎಂದ. ಅವನು ಬಿಡಿಸಿ ಹೇಳಬೇಕಿರಲಿಲ್ಲ. 2022ರ ಮೇ 29ರಂದು ಇದೇ ದಾರಿಯಲ್ಲಿ ಒಂದು ವಿಮಾನ ಬೆಟ್ಟಕ್ಕೆ ಅಪ್ಪಳಿಸಿ 22 ಜನ ತೀರಿಕೊಂಡರು, ಅದರಲ್ಲಿ ನಾಲ್ವರು ನಮ್ಮ ದೇಶದವರು. ಈ ಕಣಿವೆಯಲ್ಲಿ ಪೈಲಟ್‌ಗಳು ಬೆಟ್ಟ, ನದಿ ಕಣ್ಣಾರೆ ನೋಡಿಕೊಂಡೇ ಹಾರಿಸಬೇಕು. ಮೋಡ ಬಂದರೆ ದಾರಿಯೇ ಇಲ್ಲ.

ಸಿಕ್ಕಿದ ದಿನವನ್ನು ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರ್ಮಿಟ್ ಮಾಡಿಸಲು ಬಳಸಿಕೊಂಡೆವು. ಸಾರ್ಕ್ ದೇಶದವರಿಗೆ ಸಾವಿರ ನೇಪಾಳಿ ರೂಪಾಯಿ. ಸಂಜೆ ಫೇವಾ ಕೆರೆಯ ದಂಡೆ ಮೇಲೆ ಕಡಲೆಕಾಯಿ ತಿಂದೆವು. ಜೋಮ್ಸೋಮಿಗೆ ಹೊರಡುವವರು ಈ ರೀತಿಯ ಒಂದೆರಡು ಖಾಲಿ ದಿನ ಜೇಬಿನಲ್ಲಿಟ್ಟುಕೊಂಡೇ ಬರಬೇಕು. ಮರುದಿನದ ಬೆಂಗಳೂರು ಟಿಕೆಟ್ ಮಾಡಿಸಿ ಬಂದವರ ಮುಖ ಆ ಬೆಳಗ್ಗೆ ನೋಡಲಾಗುತ್ತಿರಲಿಲ್ಲ.

ಜೋಮ್ಸೋಮ್, ಸೋಮವಾರ

ಮರುದಿನ ಮೋಡದ ಚೂರೂ ಇಲ್ಲ. ಟ್ವಿನ್ ಆಟರ್ ಎಂಬ ಪುಟ್ಟ ವಿಮಾನ, ಎರಡು ಪಂಖ, ಹತ್ತೊಂಬತ್ತು ಸೀಟು. ಎಡಕ್ಕೆ ಒಂದೊಂದು, ಬಲಕ್ಕೆ ಎರಡೆರಡು. ಪೈಲಟ್ ಕೂರುವ ಜಾಗಕ್ಕೂ ನಮಗೂ ನಡುವೆ ಬಾಗಿಲಿಲ್ಲ. ಅವರ ಕೈ, ಮುಂದಿನ ಗಾಜು, ಗಾಜಿನಾಚೆಯ ಬೆಟ್ಟ ಎಲ್ಲ ಕಾಣುತ್ತದೆ. ಗಗನಸಖಿ ಒಂದು ತಟ್ಟೆಯಲ್ಲಿ ಪೆಪ್ಪರ್‌ಮಿಂಟು, ಕಿವಿಗೆ ಇಟ್ಟುಕೊಳ್ಳಲು ಹತ್ತಿ ತಂದಳು. ಚಿಕ್ಕಪ್ಪ ಹತ್ತಿಯನ್ನು ದೀಪದ ಬತ್ತಿಗೆ ಆಗ್ತದೆ ಎಂದು ಚೀಲಕ್ಕೆ ಹಾಕಿಕೊಂಡರು. ಎಂಜಿನ್ ಶುರುವಾದ ಮೇಲೆ ತೆಗೆದು ಕಿವಿಗೆ ತುರುಕಿಕೊಂಡರು.

ಹಾರಾಟ ಇಪ್ಪತ್ತು ನಿಮಿಷ. ಘೋರೇಪಾನಿಯ ಕಾಡಿನ ದಿಣ್ಣೆ ದಾಟಿದ ಮೇಲೆ ವಿಮಾನ ಉತ್ತರಕ್ಕೆ ತಿರುಗಿ ಕಾಳಿಗಂಡಕಿಯ ಕಣಿವೆಯೊಳಗೆ ನುಗ್ಗುತ್ತದೆ. ಬಲಕ್ಕೆ 8,091 ಮೀಟರಿನ ಅನ್ನಪೂರ್ಣ, ಎಡಕ್ಕೆ 8,167 ಮೀಟರಿನ ಧವಳಗಿರಿ. ನಾವು ಎರಡಕ್ಕೂ ಎಷ್ಟೋ ಕೆಳಗೆ. ಕಿಟಕಿಯಿಂದ ಕೆಳಗೆ ನೋಡುವುದಲ್ಲ, ಕತ್ತೆತ್ತಿ ಮೇಲೆ ನೋಡಬೇಕು. ಬಲಗಡೆ ಸೀಟು ಸಿಕ್ಕರೆ ಬಿಡಬೇಡಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಎಡಗಡೆ ಸಿಕ್ಕಿತು, ಧವಳಗಿರಿಯ ಮೈಯ ನೀರ್ಗಲ್ಲು ಅಷ್ಟು ಹತ್ತಿರ ಕಂಡ ಮೇಲೆ ನನಗೆ ಯಾವ ದೂರೂ ಇಲ್ಲ.

ಆಮೇಲೆ ಹಸಿರು ಒಮ್ಮೆಲೇ ನಿಂತುಹೋಯಿತು. ಮಳೆಮೋಡವನ್ನೆಲ್ಲ ಈ ಪರ್ವತಗಳು ದಕ್ಷಿಣಕ್ಕೇ ತಡೆಯುತ್ತವೆ. ಆಚೆ ಬರೀ ಕಂದು ಬೆಟ್ಟ, ಅಗಲವಾದ ಜಲ್ಲಿಕಲ್ಲಿನ ನದಿ. ನದಿಯ ಪಕ್ಕದಲ್ಲೇ ಒಂದು ಕಪ್ಪು ಪಟ್ಟಿ. ಅದೇ ರನ್‌ವೇ. ಬೆಂಗಳೂರಿನದು ನಾಲ್ಕು ಕಿಲೋಮೀಟರ್, ನಾವು ಹೆದರಿಕೊಂಡು ಇಳಿಯುವ ಮಂಗಳೂರಿನದು ಸುಮಾರು ಎರಡೂವರೆ. ಇದು ಮುಕ್ಕಾಲು ಕಿಲೋಮೀಟರಿನ ಆಸುಪಾಸು. ಚಕ್ರ ತಾಗಿದ್ದೇ ಪೈಲಟ್ ಏನು ಮಾಡಿದರೋ, ಎಲ್ಲರೂ ಮುಂದಿನ ಸೀಟಿಗೆ ಹಣೆ ಮುಟ್ಟಿಸಿದೆವು. ಹೊರಗೆ ಬಂದರೆ ಎದುರಿಗೇ ನೀಲಗಿರಿ. ನಮ್ಮ ಊಟಿಯದಲ್ಲ, 7,061 ಮೀಟರಿನ ಹಿಮದ ನೀಲಗಿರಿ. ಇಳಿಸಿದ ವಿಮಾನ ಎಂಜಿನ್ ಕೂಡ ಆರಿಸಲಿಲ್ಲ. ಲಗೇಜು ಇಳಿಯಿತು, ವಾಪಸ್ ಹೋಗುವವರು ಓಡಿಕೊಂಡು ಬಂದು ಹತ್ತಿದರು, ಹೊರಟೇಹೋಯಿತು.

ಊರು ಅಂದರೆ ವಿಮಾನ ನಿಲ್ದಾಣದ ಬೇಲಿಗೆ ಒತ್ತಿಕೊಂಡ ಒಂದು ಬೀದಿ. ಲಾಡ್ಜು, ಅಂಗಡಿ, ಜೀಪ್ ನಿಲ್ದಾಣ, ಬ್ಯಾಂಕು. ಮುಸ್ತಾಂಗ್ ಜಿಲ್ಲೆಗೆ ಇದೇ ಕೇಂದ್ರ. ಹಳೇ ಊರು ಹೊಳೆಯಾಚೆ ಇದೆ. ಸುಮಾರು 800 ಮೀಟರಿನ ಪೋಖರಾದಿಂದ ಇಪ್ಪತ್ತೇ ನಿಮಿಷದಲ್ಲಿ 2,700 ಮೀಟರಿಗೆ ಏರಿರುತ್ತೇವೆ, ಬಂದ ದಿನವೇ ಜೀಪ್ ಹತ್ತಿ ಮುಕ್ತಿನಾಥಕ್ಕೆ ಓಡುವುದು ಜಾಣತನವಲ್ಲ. ನಾವು ನೀರು ಕುಡಿಯುತ್ತಾ, ಬಿಸಿಲು ಕಾಯಿಸುತ್ತಾ ಕೂತೆವು.

ಹನ್ನೊಂದಕ್ಕೆ ಸರಿಯಾಗಿ ಶುರುವಾಯಿತು. ಮೊದಲು ಬೇಲಿ ಪಕ್ಕದ ಒಂದು ಪ್ಲಾಸ್ಟಿಕ್ ಕವರು ಎದ್ದು ಕೂತಿತು. ನಂತರ ರನ್‌ವೇ ಅಂಚಿನ ಕೆಂಪು ಬಿಳಿ ಗಾಳಿಚೀಲ ತುಂಬಿಕೊಂಡಿತು. ಹನ್ನೆರಡರ ಹೊತ್ತಿಗೆ ಅದು ನೆಟ್ಟಗೆ ಉತ್ತರಕ್ಕೆ ಚಾಚಿಕೊಂಡು ನಿಂತಿತ್ತು. ಬೀದಿಯಲ್ಲಿ ನಡೆಯುವವರು ದಕ್ಷಿಣಕ್ಕೆ ಹೋಗುವಾಗ ತಲೆ ತಗ್ಗಿಸಿ, ಉತ್ತರಕ್ಕೆ ಹೋಗುವಾಗ ತಳ್ಳಿಸಿಕೊಂಡು ನಡೆಯುತ್ತಿದ್ದರು. ಬಾಯಿ ತೆರೆದರೆ ಮರಳು.

ಇದರ ಕಾರಣ ಸರಳ. ಬೆಳಗಾಗುತ್ತಿದ್ದಂತೆ ಉತ್ತರದ ಬೋಳು ಪ್ರಸ್ಥಭೂಮಿ ಬಿಸಿಲಿಗೆ ಕಾಯುತ್ತದೆ, ಅಲ್ಲಿನ ಗಾಳಿ ಮೇಲೇಳುತ್ತದೆ. ಆ ಜಾಗ ತುಂಬಲು ದಕ್ಷಿಣದ ಬಯಲಿನ ಗಾಳಿ ನುಗ್ಗಬೇಕು. ಎರಡು ಮಹಾಪರ್ವತಗಳ ನಡುವೆ ಅದಕ್ಕೆ ಸಿಗುವುದು ಈ ಒಂದು ಸಂದು. 1989ರಲ್ಲಿ ಇಷ್ಟು ಗಾಳಿ ಸುಮ್ನೆ ಹೋಗುತ್ತಿದೆಯಲ್ಲ ಎಂದು ಕಾಗ್ಬೇನಿಯಲ್ಲಿ ಕರೆಂಟು ಮಾಡುವ ಗಾಳಿಯಂತ್ರ ಹಾಕಿದ್ದರಂತೆ. ಕೆಲವೇ ತಿಂಗಳಲ್ಲಿ ಗಾಳಿಯೇ ಅದನ್ನು ಮುರಿದುಹಾಕಿತು.

ಚಿಕ್ಕಪ್ಪನ ಶಲ್ಯಕ್ಕೂ ಅದೇ ಗತಿ. ‘ಎಂತ ಗಾಳಿ ಮಾರಾಯ ಇದು’ ಎಂದು ಬೇಲಿ ಹತ್ತಿರ ಕೈ ಎತ್ತಿದ್ದೇ ತಡ, ಹೆಗಲ ಮೇಲಿದ್ದ ಜರಿಯಂಚಿನ ಶಲ್ಯ ಹಾರಿ, ಮುಳ್ಳುತಂತಿ ದಾಟಿ, ರನ್‌ವೇ ಪಕ್ಕದ ಹುಲ್ಲಿನ ಮೇಲೆ ಇಳಿಯಿತು. ಕಾವಲಿನವನು ಓಡಿಹೋಗಿ ಬೂಟಿನಲ್ಲಿ ಒತ್ತಿ ಹಿಡಿದ. ಬೇಲಿ ಸಂದಿಯಿಂದ ವಾಪಸ್ ಕೊಡುವಾಗ ಹಿಂದಿಯಲ್ಲಿ, ‘ಇವತ್ತಿನ ಲಾಸ್ಟ್ ಫ್ಲೈಟ್ ಇದೇ ನೋಡಿ’ ಎಂದು ನಕ್ಕ. ಆಮೇಲೆ ಊರು ಬಿಡುವ ತನಕ ಚಿಕ್ಕಪ್ಪ ಶಲ್ಯವನ್ನು ಸ್ವೆಟರಿನ ಒಳಗೇ ಹಾಕಿಕೊಂಡಿದ್ದರು.

ರಾತ್ರಿ ಊಟ ಲಾಡ್ಜಿನ ಅಡುಗೆಮನೆಯಲ್ಲೇ, ಒಲೆಯ ಪಕ್ಕ. ಇದು ಥಕಾಲಿ ಜನರ ನಾಡು, ಅವರ ಊಟ ನೇಪಾಳಕ್ಕೆಲ್ಲ ಪ್ರಸಿದ್ಧ. ಹಿತ್ತಾಳೆ ತಟ್ಟೆಯಲ್ಲಿ ಅನ್ನ, ಕರಿಬೇಳೆಯ ಸಾರು, ಸೊಪ್ಪು, ಹುಳಿಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್, ಮೂಲಂಗಿ ಉಪ್ಪಿನಕಾಯಿ. ನಾನು ಅನ್ನದ ಬದಲು ಢಿಂಡೊ ಹೇಳಿದೆ. ಫಾಪರ್ ಎಂಬ ಧಾನ್ಯದ ಹಿಟ್ಟಿನದು, ನಮ್ಮ ರಾಗಿಮುದ್ದೆಯ ತಮ್ಮನ ಹಾಗೆ, ಸ್ವಲ್ಪ ಕಹಿ. ಚಟ್ನಿಗೆ ತಿಮ್ಮೂರ್ ಎಂಬ ಕಾಳು ಹಾಕಿದ್ದರು. ನಾಲಿಗೆ ಜುಂ ಅಂದಿತು. ಕರಾವಳಿಯ ಕೊಂಕಣಿಗರ ಅಡುಗೆಯ ತೆಪ್ಪಳ ಇದರ ದಾಯಾದಿ.

ಚಿಕ್ಕಪ್ಪ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವವರಲ್ಲ. ಲಾಡ್ಜಿನ ದೀದಿಗೆ ಮೊದಲೇ ಹೇಳಿದ್ದೆವು. ಸಾರಿನ ಒಗ್ಗರಣೆ ಮಾತ್ರ ಅವರಿಗೆ ವಿಪರೀತ ಹಿಡಿಸಿತು. ಮೂರನೇ ಸಲ ಹಾಕಿಸಿಕೊಂಡು ಇದು ಎಂತದು ಎಂದು ಕೇಳಿದರು. ದೀದಿ ತುಪ್ಪದಲ್ಲಿ ಹುರಿದ ಒಣ ಎಸಳು ತೋರಿಸಿದರು. ಜಿಂಬು. ಮುಸ್ತಾಂಗಿನ ಬೆಟ್ಟದಲ್ಲಿ ಬೆಳೆಯುವ ಈರುಳ್ಳಿ ಜಾತಿಯ ಗಿಡ. ಹಾಗೆಂದು ದೀದಿಯೇ ಹೇಳಿಬಿಟ್ಟರು. ಚಿಕ್ಕಪ್ಪ ಒಂದು ಕ್ಷಣ ತಟ್ಟೆ ನೋಡಿದರು. ‘ಹಿಮಾಲಯದ್ದಲ್ವಾ, ಔಷಧಿ ಅದು’ ಎಂದು ಊಟ ಮುಂದುವರಿಸಿದರು.

ಕಾಗ್ಬೇನಿ, ಮಂಗಳವಾರ

ಬೆಳಗ್ಗೆ ಗಾಳಿಗಿಂತ ಮುಂಚೆ ಜೀಪ್ ಹಿಡಿದೆವು. ದಾರಿ ನದಿಯ ಪಕ್ಕದಲ್ಲೇ. ಕಾಳಿಗಂಡಕಿಗೆ ಝೋಂಗ್ ಹೊಳೆ ಸೇರುವ ಕಡೆ ಮಣ್ಣಿನ ಬಣ್ಣದ ಮನೆಗಳ ಗುಂಪು, ನಡುವೆ ಕೆಂಪು ಬಳಿದ ಗೊಂಪಾ, ಅಂದರೆ ಬೌದ್ಧ ಮಠ. ಹಿಂದೂಗಳು ಇಲ್ಲಿ ಪಿತೃಕಾರ್ಯ ಮಾಡುತ್ತಾರೆ. 2023ರ ಆಗಸ್ಟ್‌ನಲ್ಲಿ ಇಲ್ಲಿನ ಹಳ್ಳ ಉಕ್ಕಿ ಊರೊಳಗೇ ಕೆಸರು ನುಗ್ಗಿತ್ತು. ಇಲ್ಲಿಂದ ಉತ್ತರಕ್ಕೆ ಅಪ್ಪರ್ ಮುಸ್ತಾಂಗ್. 1992ರ ತನಕ ಹೊರದೇಶದವರಿಗೆ ಪ್ರವೇಶವೇ ಇರಲಿಲ್ಲ, ಈಗ ಬೇರೆ ಪರ್ಮಿಟ್ ಬೇಕು, ಅದೂ ಡಾಲರ್ ಲೆಕ್ಕದಲ್ಲಿ.

ಚಿಕ್ಕಪ್ಪ ಅಷ್ಟು ದೂರದಿಂದ ಬಂದದ್ದು ಈ ನದಿಗಾಗಿ. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮಗಳೆಲ್ಲ ಗಂಡಕಿಯವು. ಉಡುಪಿಯ ಮಠಗಳಲ್ಲಿ, ಮಾಧ್ವರ ಮನೆಗಳಲ್ಲಿ ದಿನಾ ಅಭಿಷೇಕ ಮಾಡಿಸಿಕೊಳ್ಳುವ ಕಲ್ಲುಗಳಿಗೆ ತವರು ಇದೇ. ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. ಮಂಡಿ ತನಕ ಹೋಗಿ, ‘ಅಯ್ಯಯ್ಯಪ್ಪಾ’ ಎಂದು ಹಾರಿ ದಡಕ್ಕೆ ಬಂದರು. ಹಿಮ ಕರಗಿದ ನೀರು.

ಆ ಕರಿ ಉಂಡೆಗಳೊಳಗಿನ ಚಕ್ರ ಅಮ್ಮೊನೈಟ್ ಎಂಬ ಸಮುದ್ರಜೀವಿಯ ಚಿಪ್ಪಿನ ಗುರುತು. ಈ ಜಾಗ ಕೋಟಿಗಟ್ಟಲೆ ವರ್ಷಗಳ ಹಿಂದೆ ಟೆಥಿಸ್ ಸಾಗರದ ತಳ. ಭಾರತದ ನೆಲ ಉತ್ತರಕ್ಕೆ ತಳ್ಳಿ ತಳ್ಳಿ ಆ ತಳವನ್ನೇ ಮೇಲೆತ್ತಿ ಹಿಮಾಲಯ ಮಾಡಿತು. ನಾನು ಇದನ್ನೆಲ್ಲ ಹೇಳಿದೆ. ಚಿಕ್ಕಪ್ಪ ಕೇಳಿಸಿಕೊಂಡರು. ‘ಅಂದ್ರೆ ಕ್ಷೀರಸಾಗರ’ ಎಂದರು. ನಾನು ಸುಮ್ಮನಾದೆ.

ದಾರಿಯಲ್ಲಿ ಹುಡುಗನೊಬ್ಬ ಬಟ್ಟೆ ಹಾಸಿಕೊಂಡು ಒಡೆದ ಉಂಡೆಗಳನ್ನು ಮಾರುತ್ತಿದ್ದ. ಚಿಕ್ಕಪ್ಪ ಆ ಕಡೆ ನೋಡಲೂ ಇಲ್ಲ. ಸಾಲಿಗ್ರಾಮಕ್ಕೆ ಬೆಲೆ ಕಟ್ಟಬಾರದಂತೆ. ತಾವೇ ಜಲ್ಲಿಯ ಮೇಲೆ ಬಗ್ಗಿ ಬಗ್ಗಿ ಹುಡುಕಿದರು. ಗಂಟೆ ಕಳೆದ ಮೇಲೆ ಒಂದು ಸಿಕ್ಕಿತು, ಹೆಬ್ಬೆರಳಿನಷ್ಟು, ಒಂದು ಮಗ್ಗುಲು ಕಿತ್ತುಹೋಗಿ ಒಳಗಿನ ಸುರುಳಿ ಕಾಣುತ್ತಿತ್ತು. ನೀರಲ್ಲಿ ತೊಳೆದರು. ಕಣ್ಣಿಗೊತ್ತಿಕೊಂಡರು. ಮತ್ತೆ ನದಿಗೇ ಇಟ್ಟರು. ನಾನು ಯಾಕೆ ಎಂದೆ.

‘ಮನೆಯಲ್ಲಿ ಇರುವುದಕ್ಕೇ ನನ್ನ ನಂತರ ನೀರು ಹಾಕುವವರು ಯಾರು ಮಾರಾಯ? ಮಗ ಬೆಂಗಳೂರು, ಮಗಳು ಡಲ್ಲಾಸ್. ಇದನ್ನೂ ತಕೊಂಡು ಹೋಗಿ ಎಂತ ಮಾಡುದು?’

ಅಷ್ಟರಲ್ಲಿ ಗಾಳಿ ಎದ್ದಿತು. ನದಿಯ ಮರಳು ಮುಖಕ್ಕೆ ಸೂಜಿಯ ಹಾಗೆ ಚುಚ್ಚತೊಡಗಿತು. ಲಾಡ್ಜಿಗೆ ಓಡಿದೆವು.

ಮುಕ್ತಿನಾಥ, ಬುಧವಾರ

ಕಾಗ್ಬೇನಿಯಿಂದ ರಸ್ತೆ ಸುತ್ತಿ ಸುತ್ತಿ ಏರುತ್ತದೆ. ವಾಹನ ರಾಣಿಪೌವಾ ತನಕ. ಅಲ್ಲಿಂದ ಅರ್ಧ ಗಂಟೆ ನಡಿಗೆ, ಆಗದವರಿಗೆ ಕುದುರೆ ಇದೆ. ದೇವಸ್ಥಾನ 3,700 ಮೀಟರಿಗೂ ಮೇಲಿದೆ. ಹತ್ತು ಹೆಜ್ಜೆಗೊಮ್ಮೆ ನಿಂತೆವು. ನಿಂತಾಗೆಲ್ಲ ದಕ್ಷಿಣಕ್ಕೆ ಧವಳಗಿರಿ ಕಾಣುತ್ತದೆ, ನಿಲ್ಲಲು ಬೇಸರವಿಲ್ಲ.

ಗುಡಿ ಸಣ್ಣದು. ಅದರ ಹಿಂದೆ ಅರ್ಧ ಸುತ್ತಿನ ಗೋಡೆಯಲ್ಲಿ 108 ಹಿತ್ತಾಳೆಯ ಗೋಮುಖಗಳಿಂದ ನೀರು ಸುರಿಯುತ್ತದೆ. ಒಂದೊಂದರ ಕೆಳಗೂ ತಲೆಯೊಡ್ಡಿ ಓಡಬೇಕು, ಕೊನೆಗೆ ಎರಡು ಕುಂಡಗಳಲ್ಲಿ ಮುಳುಗಬೇಕು. ನವೆಂಬರಿನ ಬೆಳಗ್ಗೆ ನೆಲದ ಮೇಲೆ ಚೆಲ್ಲಿದ ನೀರು ಅಲ್ಲಲ್ಲಿ ಗಾಜಿನಂತೆ ಗಟ್ಟಿಯಾಗಿತ್ತು. ನಾನು ಕೈ ಚಾಚಿ ತಲೆಗೆ ಚಿಮುಕಿಸಿಕೊಂಡೆ. ಚಿಕ್ಕಪ್ಪ ಪಂಚೆ ಬಿಗಿದು ಓಡಿಯೇ ಬಿಟ್ಟರು. ಮೊದಲ ಹತ್ತಕ್ಕೆ ‘ನಾರಾಯಣ’ ಸ್ಪಷ್ಟವಾಗಿ ಕೇಳುತ್ತಿತ್ತು. ಐವತ್ತರ ಮೇಲೆ ಬರೀ ‘ನಾ ನಾ ನಾ’. ಹೊರಗೆ ಬಂದಾಗ ತುಟಿ ನೀಲಿ, ಮುಖದಲ್ಲಿ ಯುದ್ಧ ಗೆದ್ದ ಕಳೆ. ಒಣ ಟವೆಲ್ಲು, ಬಿಸಿನೀರಿನ ಫ್ಲಾಸ್ಕು ಇಲ್ಲದೆ ಈ ಸಾಹಸಕ್ಕೆ ಇಳಿಯಬೇಡಿ.

ಒಳಗಿನ ಮೂರ್ತಿ ನಮಗೆ ವಿಷ್ಣು, ಬೌದ್ಧರಿಗೆ ಅವಲೋಕಿತೇಶ್ವರ. ಸೇವೆಯಲ್ಲಿ ಬೌದ್ಧ ಸನ್ಯಾಸಿನಿಯರೂ ಇದ್ದಾರೆ. ನಮ್ಮ ಹಣೆಗೆ ತಿಲಕ ಇಟ್ಟ ಸನ್ಯಾಸಿನಿ ಎಲ್ಲಿಂದ ಬಂದಿರಿ ಎಂದರು. ಕರ್ನಾಟಕ ಎಂದೆ. ‘ಬೈಲಕುಪ್ಪೆ!’ ಎಂದು ಮುಖ ಅರಳಿಸಿದರು. ಅವರ ತಮ್ಮ ಅಲ್ಲಿನ ಮಠದಲ್ಲಿ ಓದುತ್ತಿದ್ದಾನಂತೆ. ಅಲ್ಲಿ ತುಂಬಾ ಸೆಕೆಯಾ, ಅನ್ನ ಎರಡು ಹೊತ್ತೂ ತಿನ್ನುತ್ತಾರಾ, ಆನೆ ಬರುತ್ತದಂತೆ ಹೌದಾ ಎಂದು ಕೇಳಿದರು. ಆನೆಯ ವಿಷಯಕ್ಕೆ ಹೌದು ಎಂದೆ. ಪಾಪ, ಇನ್ನಷ್ಟು ಚಿಂತೆಗೆ ಹಚ್ಚಿದೆನೋ ಏನೋ. ಪಕ್ಕದ ಜ್ವಾಲಾಮಾಯಿ ಗೊಂಪಾವನ್ನು ಅವರೇ ತೋರಿಸಿದರು. ನೆಲದ ಸಂದಿಯಿಂದ ಬರುವ ಅನಿಲ ಸಣ್ಣ ನೀಲಿ ಜ್ವಾಲೆಯಾಗಿ ಉರಿಯುತ್ತದೆ, ಒತ್ತಿಕೊಂಡೇ ನೀರು ಹರಿಯುವ ಸದ್ದು.

ಇಳಿಯುವಾಗ ಗಾಳಿ ಎದುರಿಗೆ. ಜೀಪ್ ಡ್ರೈವರ್ ಕಿಟಕಿ ಏರಿಸಿಯೂ ಬಾಯಿಗೆ ಬಟ್ಟೆ ಕಟ್ಟಿಕೊಂಡ.

ಮಾರ್ಫಾ, ಗುರುವಾರ

ಜೋಮ್ಸೋಮಿನಿಂದ ದಕ್ಷಿಣಕ್ಕೆ ಆರೇಳು ಕಿಲೋಮೀಟರ್. ಬೆಳಗ್ಗೆ ಗಾಳಿ ಇಲ್ಲದಾಗ ನಡೆದೇ ಹೋಗಬಹುದು. ನನಗೆ ಇಡೀ ಪ್ರವಾಸದಲ್ಲಿ ಜಾಸ್ತಿ ಇಷ್ಟವಾದ ಊರು ಇದು. ಸುಣ್ಣ ಬಳಿದ ಕಲ್ಲಿನ ಮನೆಗಳು, ಕಲ್ಲು ಹಾಸಿದ ಓಣಿ, ಹಾಸುಗಲ್ಲಿನ ಕೆಳಗೆ ಗುಳುಗುಳು ಹರಿಯುವ ಕಾಲುವೆ. ಚಪ್ಪಟೆ ಮಾಡಿನ ಅಂಚಿಗೆಲ್ಲ ಕಟ್ಟಿಗೆ ಒಟ್ಟಿದ್ದಾರೆ. ಮನೆಗಳು ಒಂದಕ್ಕೊಂದು ಅಂಟಿಕೊಂಡು ಗಾಳಿಗೆ ಬೆನ್ನು ತಿರುಗಿಸಿವೆ. ಓಣಿಯೊಳಗೆ ಮಧ್ಯಾಹ್ನವೂ ಬೆಚ್ಚಗೆ.

ಇಲ್ಲಿ 1960ರ ದಶಕದಲ್ಲಿ ಸರ್ಕಾರಿ ತೋಟಗಾರಿಕೆ ಕೇಂದ್ರ ಶುರುವಾಗಿ ಸೇಬು ಬಂತು. ಈಗ ಮಾರ್ಫಾ ಅಂದರೆ ಸೇಬು. ಅಂಗಳದ ತುಂಬ ಬಿದಿರಿನ ತಟ್ಟೆಗಳಲ್ಲಿ ಸೇಬಿನ ಬಿಲ್ಲೆಗಳು ಒಣಗುತ್ತಿದ್ದವು. ಒಣಸೇಬು ಮಾರುತ್ತಿದ್ದ ಅಜ್ಜನೊಬ್ಬ ಪಕ್ಕದಲ್ಲಿ ಕೂರಿಸಿಕೊಂಡ. ಮುರುಕು ಹಿಂದಿ, ಹಲ್ಲಿಲ್ಲದ ಬಾಯಿ.

‘ರಸ್ತೆ ಇಲ್ಲದಾಗ ಸೇಬು ಇಲ್ಲೇ ಕೊಳೀತಿತ್ತು. ಕೆಳಗೆ ಹೇಗೆ ಕಳಿಸೋದು? ಕತ್ತೆ ಮೇಲೆ ಹೋದರೆ ಜಜ್ಜಿಹೋಗುತ್ತೆ. ವಿಮಾನದಲ್ಲಿ ಕಳಿಸಿದರೆ ಸೇಬಿಗಿಂತ ಬಾಡಿಗೆ ಜಾಸ್ತಿ. ಅದಕ್ಕೇ ಬ್ರಾಂದಿ ಮಾಡಿದೆವು.’

ಈಗ ರಸ್ತೆ ಬಂದಿದೆಯಲ್ಲ, ವಿಮಾನ ಯಾಕೆ ಬೇಕು ಎಂದೆ. ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದ.

‘ಮಳೆಗಾಲದಲ್ಲಿ ಬಂದಿದ್ದೀಯಾ ಬಾಬು? ಗುಡ್ಡ ಕುಸಿದರೆ ರಸ್ತೆ ಇರೋದಿಲ್ಲ. ಸೊಸೆಗೆ ಹೆರಿಗೆ ನೋವು ಬಂದಾಗ ರಾತ್ರಿಯೆಲ್ಲ ಆಕಾಶ ನೋಡ್ತಾ ಕೂತಿದ್ದೆ. ಬೆಳಗ್ಗೆ ಮೊದಲ ವಿಮಾನದಲ್ಲಿ ಹೋದಳು. ಮೊಮ್ಮಗ ಈಗ ಕತಾರಲ್ಲಿದ್ದಾನೆ.’

ಲಾಸಾಕ್ಕೆ ಗುಟ್ಟಾಗಿ ಹೋದ ಜಪಾನಿ ಸನ್ಯಾಸಿ ಎಕಾಯಿ ಕಾವಾಗುಚಿ 1900ರಲ್ಲಿ ಟಿಬೆಟ್ಟಿಗೆ ನುಗ್ಗುವ ಮುಂಚೆ ಈ ಊರಲ್ಲಿ ಕೆಲವು ತಿಂಗಳು ಉಳಿದಿದ್ದ. ಆ ಮನೆ ತೋರಿಸುತ್ತಾರೆ. ಚಿಕ್ಕಪ್ಪನಿಗೆ ಅದಕ್ಕಿಂತ ಒಣಸೇಬಿನ ಮೇಲೆ ಗಮನ. ಎರಡು ಕಿಲೋ ಕಟ್ಟಿಸಿದರು. ವಿಮಾನದ ಲಗೇಜು ತೂಕ ನೆನಪಿಸಿದೆ. ‘ಪಂಚೆ ಬಿಟ್ಟು ಬರ್ತೇನೆ’ ಎಂದರು.

ಇಳಿದಾರಿ, ಶುಕ್ರವಾರ

ಪಂಚೆ ಬಿಡುವ ಪ್ರಸಂಗ ಬರಲಿಲ್ಲ. ಬೆಳಗ್ಗೆ ಜೋಮ್ಸೋಮಿನ ಆಕಾಶ ತಿಳಿಯಾಗಿತ್ತು, ಕೆಳಗೆ ಕಣಿವೆಯ ಬಾಯಲ್ಲಿ ಮೋಡ. ಎಂಟಾಯಿತು, ಒಂಬತ್ತಾಯಿತು. ನಿಲ್ದಾಣದ ಒಳಗಿದ್ದ ಎಲ್ಲರ ಕಣ್ಣೂ ಕಿಟಕಿಯಾಚೆಯ ಗಾಳಿಚೀಲದ ಮೇಲೆ. ಹತ್ತಕ್ಕೆ ಅದರ ತುದಿ ಅಲ್ಲಾಡಿತು. ಯಾರೂ ಘೋಷಣೆಗೆ ಕಾಯಲಿಲ್ಲ, ಎದ್ದು ಜೀಪ್ ನಿಲ್ದಾಣಕ್ಕೆ ಹೊರಟರು. ನಾವೂ ಹಿಂದೆಯೇ. ಇಲ್ಲಿ ತಡ ಮಾಡಿದವರಿಗೆ ಹಿಂದಿನ ಸೀಟು, ಅಂದರೆ ತಲೆಗೆ ಗುಬಟು.

ಪೋಖರಾ ನೂರೈವತ್ತು ಕಿಲೋಮೀಟರಿಗೂ ಜಾಸ್ತಿ. ವಿಮಾನದಲ್ಲಿ ಪೆಪ್ಪರ್‌ಮಿಂಟು ಕರಗುವಷ್ಟರಲ್ಲಿ ದಾಟಿದ ದಾರಿ. ಟುಕುಚೆ, ಲೇತೆ ದಾಟಿ ಪೈನ್ ಕಾಡು. ಘಾಸಾದ ನಂತರ ರಸ್ತೆ ಬಂಡೆಗೆ ಅಂಟಿಕೊಂಡು ಇಳಿಯುತ್ತದೆ, ಒಂದು ಕಡೆ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. ರುಪ್ಸೆ ಜಲಪಾತ ರಸ್ತೆಯ ಪಕ್ಕದಲ್ಲೇ ಬೀಳುತ್ತದೆ. ಅದರ ಸ್ವಲ್ಪ ಕೆಳಗೆ ಜೆಸಿಬಿ ಕುಸಿದ ಮಣ್ಣು ತೆಗೆಯುತ್ತಿತ್ತು. ಒಂದೂವರೆ ಗಂಟೆ ನಿಂತೆವು. ಜೀಪಿನವರೆಲ್ಲ ಇಳಿದು ನೂಡಲ್ಸ್ ತಿಂದರು. ಚಿಕ್ಕಪ್ಪ ಒಣಸೇಬು ಹಂಚಿದರು, ಅಲ್ಲೇ ಒಂದು ಕಿಲೋ ಖರ್ಚಾಯಿತು.

ತಾತೋಪಾನಿಗೆ ಬರುವಷ್ಟರಲ್ಲಿ ಸ್ವೆಟರು ಬಿಚ್ಚಿದ್ದೆವು. ಬೆಳಗ್ಗೆ ಹಿಮದ ಬುಡದಲ್ಲಿ ನಡುಗುತ್ತಿದ್ದವರ ಮುಂದೆ ಬಾಳೆಗಿಡ, ಕಿತ್ತಳೆ ಮರ. ನದಿ ಪಕ್ಕದಲ್ಲಿ ಬಿಸಿನೀರಿನ ಕೊಳಗಳಿವೆ. ಡ್ರೈವರ್ ಅರ್ಧ ಗಂಟೆ ಕೊಟ್ಟ. ಚಿಕ್ಕಪ್ಪ ಕುತ್ತಿಗೆ ತನಕ ಮುಳುಗಿ ಕಣ್ಣು ಮುಚ್ಚಿದರು. ‘ಆ 108ನ್ನೂ ಇಲ್ಲೇ ಇಡಬಹುದಿತ್ತು ದೇವರು’ ಎಂದರು.

ಬೇನಿ ದಾಟಿ ಪೋಖರಾ ಸೇರಿದಾಗ ರಾತ್ರಿ ಒಂಬತ್ತು ದಾಟಿತ್ತು. ಹೋಟೆಲಿನ ಕೆಳಗಡೆ ಶಿವಮೊಗ್ಗದ ಕಡೆಯ ಒಂದು ಕುಟುಂಬ ಮುಂದಿನ ಬೆಳಗ್ಗೆಯ ವಿಮಾನಕ್ಕೆ ಬ್ಯಾಗು ಜೋಡಿಸುತ್ತಿತ್ತು. ಕನ್ನಡ ಕೇಳಿದ್ದೇ ಸುತ್ತುವರಿದರು.

‘ವಿಮಾನ ಗ್ಯಾರಂಟಿ ಹೋಗುತ್ತಾ ಸರ್?’ ಎಂದರು ಮನೆ ಯಜಮಾನರು.

‘ಎದ್ದ ಕೂಡಲೇ ಹೋಗಿ ಕೂತ್ಕೊಳ್ಳಿ’ ಎಂದರು ಚಿಕ್ಕಪ್ಪ. ‘ಬರುವಾಗ ಜೀಪೇ ಅಂತ ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಶಲ್ಯಕ್ಕೆ ಪಿನ್ನು ಹಾಕಿ. ಮತ್ತೆ ಊಟಕ್ಕೆ ಜಿಂಬು ಒಗ್ಗರಣೆಯ ಸಾರು ಅಂತ ಒಂದುಂಟು, ಬಿಡಬೇಡಿ.’

ಅವರ ತಾಯಿ ಹಿಂದಿನಿಂದ ಕೇಳಿದರು. ‘ಅದರಲ್ಲಿ ಈರುಳ್ಳಿ ಇರಲ್ಲ ಅಲ್ವಾ?’

‘ಇಲ್ಲ ಅಮ್ಮಾ’ ಎಂದರು ಚಿಕ್ಕಪ್ಪ, ನನ್ನ ಕಡೆ ನೋಡದೆ.